ಅಕ್ಕನ ಮೇಲಿನ ದೂರು ಅರ್ಜಿ

ಈ ಕಥೆಯಲ್ಲಿ ನಾನು ಅಷ್ಟೇನೂ ಒಳ್ಳೆಯವನಲ್ಲ ಎಂದು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಅನುಕೂಲ. ನಾನು ದರ್ಜಿ. ನನ್ನ ಹೊಲಿಗೆ ಯಂತ್ರ ಇರುವುದು ಕಿಟಕಿಯ ಪಕ್ಕದಲ್ಲಿ. ಕಿಟಕಿಯಾಚೆ ಸೊಂಟದೆತ್ತರದ ಗೋಡೆ, ಗೋಡೆಗೆ ಒರಗಿಕೊಂಡಂತೆ ಒಂದು ಸೀಬೆಮರ, ಅದರಾಚೆ ಪಕ್ಕದ ಮನೆಯವರ ಅರ್ಧ ಎಕರೆ ತರಕಾರಿ ತೋಟ. ಸೂಜಿಗೆ ದಾರ ಪೋಣಿಸಲು ಬೆಳಕು ಬೇಕು, ಬೆಳಕಿಗೆ ಕಿಟಕಿ ಬೇಕು. ಕಿಟಕಿಯಲ್ಲಿ ಕಂಡದ್ದಕ್ಕೆಲ್ಲ ನಾನು ಹೊಣೆಯಲ್ಲ. ಆದರೆ ಕಂಡದ್ದನ್ನು ಬರೆದು ಕಳಿಸಿದ್ದಕ್ಕೆ ಹೊಣೆ. ಆ ಮಾತು ಆಮೇಲೆ ಬರುತ್ತದೆ.

ಪಕ್ಕದ ಮನೆಯವರನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು 'ಅದೇನ್ಮಹಾ' ಎಂದು. ಎದುರಿಗಲ್ಲ, ಬೆನ್ನ ಹಿಂದೆ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿ, ಅಂಗಡಿಗಳ ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿಸಿ, ನಿವೃತ್ತರಾದವರು. ಲೋಕದಲ್ಲಿ ಏನೇ ನಡೆದರೂ ಅವರದು ಒಂದೇ ಮಾತು: "ಅದೇನ್ ಮಹಾ." ಎದುರುಮನೆಯ ಹುಡುಗಿ ಡಾಕ್ಟರಾದಳು ಎಂದರೆ ಅದೇನ್ ಮಹಾ. ನಮ್ಮ ಮನೆಯ ಮಾಡಿಗೆ ಸಿಡಿಲು ಬಡಿದು ನಾವೆಲ್ಲ ಬೀದಿಗೆ ಓಡಿ ಬಂದಾಗಲೂ ಅವರು ಗೋಡೆಯಾಚೆ ನಿಂತು, ಹೊಗೆಯನ್ನು ನೋಡಿ, ಹಾಗೆಯೇ ಅಂದರು. ಕೆಟ್ಟ ಮನಸ್ಸಿನಿಂದಲ್ಲ. ನಾವು ಕೆಮ್ಮುವ ಹಾಗೆ ಅವರು ಆ ಮಾತು ಆಡುತ್ತಿದ್ದರು.

ಅವರ ಹೆಂಡತಿಯನ್ನು ಇಡೀ ಬೀದಿ ಅಕ್ಕ ಎನ್ನುತ್ತಿತ್ತು. ಆ ಅರ್ಧ ಎಕರೆ ಅಕ್ಕನದು. ಗೊಬ್ಬರದ ಚೀಲವಾಗಲಿ, ಔಷಧಿಯ ಬಾಟಲಿಯಾಗಲಿ ಆ ಗೇಟು ದಾಟಿ ಒಳಗೆ ಹೋದದ್ದನ್ನು ನಾನು ನೋಡಿಲ್ಲ. ಹೋಗಿದ್ದರೆ ಖಂಡಿತ ನೋಡಿರುತ್ತಿದ್ದೆ. ಹಾಲಿನವನ ಕೊಟ್ಟಿಗೆಯ ಸಗಣಿ, ಗಂಜಲ, ದಿನಸಿ ಅಂಗಡಿಯವನು ಎಸೆಯಲು ಇಟ್ಟಿದ್ದ ಕರಗಿದ ಬೆಲ್ಲ, ಹಿಟ್ಟಿನ ಗಿರಣಿಯ ನೆಲದಲ್ಲಿ ಉದುರಿದ ಕಾಳಿನ ಹಿಟ್ಟು, ಬೀದಿ ಗುಡಿಸಿದಾಗ ಸಿಕ್ಕ ಒಣ ಎಲೆ, ಹೀಗೆ ಊರಿಗೆ ಬೇಡವಾದದ್ದೆಲ್ಲ ಅಕ್ಕನಿಗೆ ಬೇಕಿತ್ತು. ಎಲೆಯನ್ನು ಗಿಡಗಳ ಬುಡಕ್ಕೆ ಹೊದಿಸುತ್ತಿದ್ದರು. ಮಿಕ್ಕದ್ದನ್ನು ಒಂದು ನೀಲಿ ಡ್ರಮ್ಮಿನಲ್ಲಿ ಕಲಕಿ, ಹುಳಿಸಿ, ಗಿಡಗಳಿಗೆ ಕುಡಿಸುತ್ತಿದ್ದರು. ಗಿಡಗಳು ಕುಡಿದು ಬದನೆ, ಬೀನ್ಸು, ಟೊಮೆಟೊ ಬಿಡುತ್ತಿದ್ದವು. ವಾಸನೆ ಮಾತ್ರ ನನ್ನ ಕಿಟಕಿಯೊಳಗೆ ಬಂದು ಗಿರಾಕಿಗಳ ಕೋಟಿನಲ್ಲಿ ಕೂರುತ್ತಿತ್ತು. ಮದುವೆಗೆಂದು ಹೊಲಿಸಿದ ಕೋಟು ತೊಟ್ಟು ಮದುಮಗ ನಿಂತರೆ ಪಕ್ಕದಲ್ಲಿ ನಿಂತವರು ಹಸು ಎಲ್ಲಿದೆ ಎಂದು ತಿರುಗಿ ನೋಡುವಂತಾಗಿತ್ತು.

ಈ ವರ್ಷ ಮಳೆ ನಿಂತ ಹೊತ್ತಿಗೆ ಅಕ್ಕ ಹೋಗಿಬಿಟ್ಟರು. ಮೂರು ದಿನ ಜ್ವರ, ನಾಲ್ಕನೇ ದಿನ ಆಸ್ಪತ್ರೆ, ಐದನೇ ದಿನ ಇಲ್ಲ. ಗಿಡಗಳಿಗೆ ಯಾರೂ ಹೇಳಲಿಲ್ಲ. ಅವು ತಮ್ಮ ಪಾಡಿಗೆ ಕಾಯಿ ಬಿಡುತ್ತಲೇ ಇದ್ದವು. ಅದೇನ್ಮಹಾ ಬೆಳಿಗ್ಗೆ ಎದ್ದು ಕಿತ್ತು, ಒಬ್ಬೊಬ್ಬರ ಬಾಗಿಲಲ್ಲಿ ಒಂದೊಂದು ಗುಡ್ಡೆ ಇಟ್ಟು, ಬೆಲ್ ಒತ್ತದೆ ಹೋಗುತ್ತಿದ್ದರು. ಆ ವಾರವೇ ಗ್ಯಾಸ್ ಸಿಲಿಂಡರ್ ತಂದವನು ಗೊತ್ತಿಲ್ಲದೆ, "ಅಮ್ಮಾವ್ರನ್ನ ಕರೀರಿ ಸಾರ್, ಸಹಿ ಅವ್ರೇ ಹಾಕೋದು" ಅಂದ. ಇವರು "ಕರೀತೀನಿ" ಎಂದು ಒಳಗೆ ಹೋದವರು ಬರಲೇ ಇಲ್ಲ. ಅರ್ಧ ಗಂಟೆಯಾದ ಮೇಲೆ ನಾನು ಹೋಗಿ ಸಹಿ ಹಾಕಿದೆ. ಅವರು ಅಡುಗೆಮನೆಯಲ್ಲಿ ಡಬ್ಬಿಗಳ ಕಡೆ ಮುಖ ಮಾಡಿ ನಿಂತಿದ್ದರು.

ಇಷ್ಟಾದ ಮೇಲೆ ಕೃಷಿ ಅಧಿಕಾರಿಗಳು ನನ್ನ ಅಂಗಡಿಗೆ ಬಂದರು. ಬೇರೆ ಯಾವ ಘನ ಉದ್ದೇಶಕ್ಕೂ ಅಲ್ಲ, ಪ್ಯಾಂಟಿನ ಸೊಂಟ ಬಿಡಿಸಲಿಕ್ಕೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಳತೆ ತೆಗೆಯುತ್ತಿದ್ದೆ. ಅವರು ಕಿಟಕಿಯಾಚೆ ನೋಡಿದರು.

"ಟೈಲರ್ರೇ, ಇದ್ಯಾರ ತೋಟ? ಆ ಮಣ್ಣು ನೋಡ್ರೀ! ಎರೆಹುಳು ಎಷ್ಟಿರ್ಬೇಕು! ಇಪ್ಪತ್ತು ವರ್ಷದಿಂದ ಭಾಷಣ ಮಾಡ್ತಾ ಇದೀನಿ, ಕಣ್ಣಲ್ಲಿ ನೋಡ್ತಿರೋದು ಇವತ್ತೇ!"

ಹೀಗೆಂದವರು ಸೊಂಟದಲ್ಲಿ ಹನ್ನೊಂದು ಗುಂಡುಸೂಜಿಗಳ ಸಮೇತ ಹೊರಗೆ ಓಡಿ ಗೋಡೆ ಹತ್ತಿದರು. ಆಚೆ ಇಳಿದಾಗ "ಅಮ್ಮಾ" ಎಂದರು. ಸೂಜಿಯೋ ಸಂತೋಷವೋ ಗೊತ್ತಾಗಲಿಲ್ಲ.

"ಯಾರ್ ಸಾರ್ ಮಾಡಿದ್ದು ಇದನ್ನ?" ಎಂದು, ಬೀನ್ಸು ಕೀಳುತ್ತಿದ್ದ ಅದೇನ್ಮಹಾರ ಎರಡೂ ಕೈಗಳನ್ನು ಅಧಿಕಾರಿಗಳು ಹಿಡಿದುಕೊಂಡರು.

ಅದೇನ್ಮಹಾ ಬಾಯಿ ತೆರೆದರು. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ, "ನಾನೇ" ಎಂದರು. "ಅದೇನ್ ಮಹಾ."

"ಮಹಾನೇ ಸಾರ್! ನಲವತ್ತು ಜನ ರೈತರನ್ನ ಕರ್ಕೊಂಡ್ ಬರ್ತೀನಿ. ಇವತ್ತಿಗೆ ಇಪ್ಪತ್ತು ದಿನ. ಆ ಡ್ರಮ್ಮಿನ ದ್ರವ ಇದೆಯಲ್ಲ, ಅದನ್ನ ಅವರ ಮುಂದೆ ನೀವೇ ಮಾಡಿ ತೋರಿಸ್ಬೇಕು. ಯಾವುದು ಎಷ್ಟೆಷ್ಟು ಹಾಕ್ತೀರಿ?"

"ಎಲ್ಲಾ ತೂಕದ ಪ್ರಕಾರ" ಎಂದರು ಅದೇನ್ಮಹಾ.

ಸತ್ಯ ಗೊತ್ತಿದ್ದ ನಾನು ಅಲ್ಲೇ ಇದ್ದೆ. ಆದರೆ ನನ್ನ ಬಾಯಲ್ಲಿ ಮಿಕ್ಕ ಗುಂಡುಸೂಜಿಗಳಿದ್ದವು. ಸಂಜೆ ಗೋಡೆಯ ಬಳಿ ನಿಂತು, "ಯಾಕ್ ಸಾರ್ ಹಾಗಂದ್ರಿ?" ಎಂದು ಕೇಳಿದೆ. "ಅವಳು ಮಾಡಿದ್ದು ಅಂದಿದ್ರೆ, ಅವಳನ್ನ ಕರೀರಿ ಅಂತಿದ್ರು" ಎಂದರು. ನಾನು ಒಳಗೆ ಬಂದು ಅಧಿಕಾರಿಗಳ ಪ್ಯಾಂಟಿನ ಸೊಂಟ ಬಿಚ್ಚತೊಡಗಿದೆ.

ಮೂವತ್ತೊಂದು ವರ್ಷ ಕಚೇರಿಯಲ್ಲಿ ಇದ್ದವರಿಗೆ ಅಧಿಕಾರಿ ಬರುತ್ತಾರೆಂದರೆ ಮಾಡಬೇಕಾದ ಕೆಲಸ ಒಂದೇ ಗೊತ್ತು: ಸ್ವಚ್ಛತೆ. ಮಾರನೆಯ ದಿನ ಅದೇನ್ಮಹಾ ಪೊರಕೆ ಹಿಡಿದು ತೋಟಕ್ಕೆ ಇಳಿದರು. ಅಕ್ಕ ವರ್ಷಗಟ್ಟಲೆ ಪದರ ಪದರವಾಗಿ ಹೊದಿಸಿದ್ದ ಎಲೆಯನ್ನೆಲ್ಲ ಗುಡಿಸಿ ಹದಿನಾಲ್ಕು ಚೀಲ ತುಂಬಿ ಕಸದ ಗಾಡಿಗೆ ಏರಿಸಿದರು. ನೆಲ ಬೋಳಿಸಿದ ತಲೆಯಂತಾಯಿತು. ಆಮೇಲೆ ಡ್ರಮ್ಮು. ಒಮ್ಮೆ ಸೋಪಿನ ಪುಡಿ, ಒಮ್ಮೆ ಫಿನಾಯಿಲು, ಮತ್ತೊಮ್ಮೆ ಸೋಪಿನ ಪುಡಿ. ಬಿಸಿಲಿಗೆ ಬೋರಲು ಹಾಕಿ, ಒರೆಸಿ, ನನ್ನನ್ನು ಕರೆದು ತೋರಿಸಿದರು.

"ನೋಡಿ ಟೈಲರ್ರೇ, ತಳದಲ್ಲಿ ಏನೋ ಕಪ್ಪಗೆ ಹೊಲಸು ಕೂತಿತ್ತು, ವರ್ಷಗಳಿಂದ ಯಾರೂ ತೊಳೆದೇ ಇಲ್ಲ. ಈಗ ಇದರಲ್ಲಿ ಕುಡಿಯೋ ನೀರು ಇಡಬಹುದು!"

ಇನ್ನು ಅದರೊಳಗೆ ಹಾಕುವುದು ಏನು, ಎಷ್ಟು? ಅವರು ವಹಿಯೊಂದನ್ನು ಹಿಡಿದು ವಿಚಾರಣೆಗೆ ಹೊರಟರು. ಹಾಲಿನವನು, "ಅಕ್ಕ ಯಾವತ್ತೂ ತೂಗ್ಲಿಲ್ಲ ಸಾರ್. ಬಕೆಟ್ ತರೋರು, ನನ್ನ ಹಸುಗಳ ಹತ್ರ ಎರಡು ಮಾತಾಡೋರು, ಹೋಗೋರು" ಎಂದ. "ಎಷ್ಟು ಬಕೆಟ್ಟು?" "ನಾನು ಹಾಲು ಕರೀತಾ ಇರ್ತಿದ್ದೆ, ನೋಡ್ಲಿಲ್ಲ." ದಿನಸಿ ಅಂಗಡಿಯವನು, "ಎಸೆಯೋ ಬೆಲ್ಲಕ್ಕೆ ಯಾರಾದ್ರೂ ತಕ್ಕಡಿ ಹಿಡೀತಾರಾ ಸಾರ್?" ಎಂದ. ತೂಕದ ಕಚೇರಿಯವರ ಎದುರು ಆ ಮಾತಾಡಿದ್ದಕ್ಕೆ ಐದು ನಿಮಿಷ ಬುದ್ಧಿ ಹೇಳಿಸಿಕೊಂಡ.

ಕೊನೆಗೆ ಅಕ್ಕನ ತಂಗಿಗೆ ಫೋನ್ ಮಾಡಿದರು. ಅವರಿಗೆ ಕಿವಿ ಸ್ವಲ್ಪ ಮಂದ. ಫೋನಿನ ದನಿ ನನ್ನ ಯಂತ್ರದವರೆಗೂ ಕೇಳಿಸುತ್ತಿತ್ತು.

"ಒಂದು ಹಿಡಿ ಮಣ್ಣು ಹಾಕ್ತಿದ್ಲು ಭಾವ, ಅಷ್ಟು ಗೊತ್ತು. ಅದೇ ಮುಖ್ಯ ಅಂತಿದ್ಲು."

"ಹಿಡಿ ಅಂದ್ರೆ ಎಷ್ಟು ಗ್ರಾಂ?"

"ಅಯ್ಯೋ, ಅವಳ ಹಿಡಿ ಭಾವ. ಅವಳ ಕೈ ನಿಮಗೆ ಗೊತ್ತಿಲ್ವಾ?"

"ಎಲ್ಲಿಯ ಮಣ್ಣು?"

"ನಂಗೇನು ಗೊತ್ತು ಭಾವ? ಅಲ್ಲೇ ಇದ್ದವರು ನೀವು."

ಅದೇನ್ಮಹಾ ಫೋನ್ ಕೆಳಗಿಟ್ಟರು. ತಮ್ಮ ಮುಷ್ಟಿ ಬಿಗಿದು ನೋಡಿದರು. ಅದು ದೊಡ್ಡದಾಗಿತ್ತು. ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿದು, ತುಂಬ ಹೊತ್ತು ನೋಡುತ್ತಲೇ ಕೂತರು.

ಭಾನುವಾರ ಬೀದಿಯವರೆಲ್ಲ ಗೋಡೆಯ ಮೇಲೆ ಸಾಲಾಗಿ ಕೂತು ನೋಡಿದ ದೃಶ್ಯ ಇದು: ನಿವೃತ್ತಿಯ ದಿನ ಕಚೇರಿಯವರು ಕಾಣಿಕೆ ಕೊಟ್ಟಿದ್ದ ಹಿತ್ತಾಳೆ ತಕ್ಕಡಿಯನ್ನು ಸೀಬೆಮರದ ಕೊಂಬೆಗೆ ತೂಗುಹಾಕಿ, ಮುದ್ರೆಯೊತ್ತಿದ ಕಲ್ಲುಗಳನ್ನಿಟ್ಟು, ಅದೇನ್ಮಹಾ ಸಗಣಿ ತೂಗುತ್ತಿದ್ದಾರೆ. ಒಂದು ಚಿಟಿಕೆ ಹೆಚ್ಚಾದರೆ ತೆಗೆಯುತ್ತಾರೆ, ಕಡಿಮೆಯಾದರೆ ಸೇರಿಸುತ್ತಾರೆ. ಮಣ್ಣು ಗೇಟಿನ ಹತ್ತಿರದ್ದು, ನೂರು ಗ್ರಾಂ, ಜರಡಿ ಹಿಡಿದದ್ದು. ನೀರು ನಲ್ಲಿಯದು. ಎಲ್ಲ ಹಾಕಿ ಮುಚ್ಚಳ ಬಿಗಿದು, ಹಗ್ಗ ಸುತ್ತಿ, ಗಂಟಿನ ಮೇಲೆ ಅರಗು ಕಾಯಿಸಿ ಮುದ್ರೆಯೊತ್ತಿದರು. ಯಾರೂ ಕೈಯಾಡಿಸಬಾರದಲ್ಲ!

"ಗಾಳಿ ಆಡ್ಬೇಕೇನೋ ಸಾರ್?" ಎಂದಳು ನನ್ನ ಹೆಂಡತಿ.

"ಸರ್ಕಾರಿ ಮುದ್ರೆ ಅಮ್ಮ. ಗಾಳಿನೂ ಆಡೋ ಹಾಗಿಲ್ಲ."

ಇತ್ತ ತೋಟದ ಪರಿಸ್ಥಿತಿ ಕೆಡುತ್ತಿತ್ತು. ಎಲೆಯ ಹೊದಿಕೆ ಹೋದ ನೆಲ ಬಿಸಿಲಿಗೆ ಬಿರಿಯಿತು. ಬದನೆಯ ಎಲೆಗಳು ಮುದುರಿದವು, ಬೀನ್ಸಿನ ಬಳ್ಳಿ ಕೋಲಿನಿಂದ ಜಾರಿ ಬಿತ್ತು. ಅದೇನ್ಮಹಾ ಕೊಡ ಹಿಡಿದು ಸಾಲಿನಿಂದ ಸಾಲಿಗೆ ಓಡುತ್ತಿದ್ದರು. ಹೊಯ್ದ ನೀರು ಹೊಯ್ದಲ್ಲೇ ಮಾಯವಾಗುತ್ತಿತ್ತು. ನಾಲ್ಕನೇ ದಿನ ನನ್ನ ಕಿಟಕಿಯ ಬಳಿ ಬಂದು ಕೊಡ ಇಳಿಸಿದರು.

"ಅಧಿಕಾರಿ ಬಂದು ಬೈದು ಹೋಗ್ಲಿ ಟೈಲರ್ರೇ, ಪರವಾಗಿಲ್ಲ. ಅವಳು ಬಿಟ್ಟುಹೋಗಿರೋದು ಇದೊಂದೇ. ಇದನ್ನೂ ಸಾಯಿಸ್ತಾ ಇದೀನಿ ನಾನು."

ನಾನು ಏನಾದರೂ ಹೇಳಬೇಕಿತ್ತು. ಹೇಳಬಹುದಾದದ್ದು ನನ್ನಲ್ಲಿ ಇತ್ತು ಕೂಡ. ಆದರೆ ಅದನ್ನು ಹೇಳಿದರೆ ನನಗೆ ಹೇಗೆ ಗೊತ್ತು ಎಂದೂ ಹೇಳಬೇಕಾಗುತ್ತಿತ್ತು. ಸುಮ್ಮನೆ ಗುಂಡಿ ಹೊಲಿಯುತ್ತಾ ಕೂತೆ. ಆ ಹೊತ್ತಿಗೆ ಸರಿಯಾಗಿ, ನನ್ನ ಪುಣ್ಯವೋ ಪಾಪವೋ, ಡ್ರಮ್ಮು ಸಿಡಿಯಿತು.

ಮೊದಲು ಹಗ್ಗ ಕಿರುಗುಟ್ಟಿತು. ಆಮೇಲೆ ಢಮ್ ಎಂದು ಮುಚ್ಚಳ ಸೀಬೆಮರಕ್ಕಿಂತ ಮೇಲೆ ಹೋಯಿತು. ನಾಲ್ಕು ದಿನ ಉಸಿರು ಕಟ್ಟಿಕೊಂಡು ಹುದುಗಿದ ಸರಕು ಅದರ ಹಿಂದೆಯೇ ಎದ್ದು, ಅರ್ಧ ಭಾಗ ತೋಟದ ಮೇಲೂ ಮಿಕ್ಕರ್ಧ ನನ್ನ ಕಿಟಕಿಯ ಮೇಲೂ ಬಿತ್ತು. ಕಿಟಕಿಯ ಸರಳಿಗೆ ಒಂದು ಕೋಟು ತೂಗುಹಾಕಿದ್ದೆ, ಬೆಳ್ಳಗೆ ಇಸ್ತ್ರಿ ಮಾಡಿ. ಅದು ಪುರಸಭೆಯ ಆರೋಗ್ಯ ನಿರೀಕ್ಷಕರದು. ಅದನ್ನು ತೆಗೆದುಕೊಳ್ಳಲು ಅವರು ಆಗಷ್ಟೇ ಒಳಗೆ ಬಂದು, "ಆಯ್ತಾ?" ಎಂದು ಕೇಳಿದ್ದರು.

"ಆಯ್ತು ಸಾರ್" ಎಂದೆ ನಾನು.

ನಿರೀಕ್ಷಕರು ಕೋಟನ್ನು ಅಲ್ಲೇ ಬಿಟ್ಟು ಹೋದರು. ಒಂದು ಗಂಟೆಯ ಮೇಲೆ ಕಡತ ಹಿಡಿದು ಬಂದರು. ಅದರಲ್ಲಿ ಏನಿದೆ ಎಂದು ಬೀದಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ನನ್ನ ಕಾಲು ಯಂತ್ರದ ಪೆಡಲಿನ ಮೇಲೆ ತಾನಾಗಿಯೇ ಓಡಿತು, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

ಅಷ್ಟು ಹೊತ್ತಿಗೆ ಬೀದಿಯೆಲ್ಲ ತೋಟದಲ್ಲಿ ಸೇರಿತ್ತು. "ಈ ಮನೆ ಮೇಲೆ ಮೂರು ವರ್ಷದ ಹಿಂದಿನ ದೂರು ಒಂದಿದೆ" ಎಂದರು ನಿರೀಕ್ಷಕರು. "ಹೆಂಗಸೊಬ್ಬರ ಮೇಲೆ ಹೀಗೆಲ್ಲ ಬರೀತಾರಾ ಅಂತ ನಾನೇ ಬದಿಗಿಟ್ಟಿದ್ದೆ. ಈಗ ಓದ್ತೀನಿ, ಎಲ್ರೂ ಕೇಳಿ." ಗಂಟಲು ಸರಿಮಾಡಿಕೊಂಡು ಓದಿದರು:

"ಮಾನ್ಯರೇ, ಸದರಿ ಮನೆಯ ಗೃಹಿಣಿಯು ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಎರಡು ಬಕೆಟ್ ಹಸಿ ಸಗಣಿ, ಒಂದು ಬಕೆಟ್ ಗಂಜಲ, ತೆಂಗಿನಕಾಯಿ ಗಾತ್ರದ ಎರಡು ಉಂಡೆ ಕಪ್ಪು ಬೆಲ್ಲ ಹಾಗೂ ಎರಡು ಡಬ್ಬಿ ಕಾಳಿನ ಹಿಟ್ಟನ್ನು, ಬಾವಿಯ ನೀರು ತುಂಬಿದ ನೀಲಿ ಡ್ರಮ್ಮಿಗೆ ಹಾಕುತ್ತಾರೆ. ತದನಂತರ ನನ್ನ ಕಿಟಕಿಯ ಕೆಳಗೆ, ಸೀಬೆಮರದ ಬುಡದಲ್ಲಿ, ಯಾರೂ ತುಳಿಯದ ಜಾಗದಿಂದ ಒಂದು ಹಿಡಿ ಮಣ್ಣು ತೆಗೆದು ಸೇರಿಸುತ್ತಾರೆ..."

ನಿರೀಕ್ಷಕರು ನಿಲ್ಲಿಸಿದರು. "ಕೆಳಗೆ 'ಬೀದಿಯ ಸಮಸ್ತ ನಾಗರಿಕರು' ಅಂತ ಸಹಿ ಇದೆ. 'ನನ್ನ ಕಿಟಕಿ' ಅಂದ್ರೆ ಯಾರದ್ದು?"

ಸೀಬೆಮರದ ಕಡೆಗೆ ಇದ್ದದ್ದು ಒಂದೇ ಕಿಟಕಿ. ಅದರಲ್ಲಿ ಇದ್ದದ್ದು ನನ್ನ ಮುಖ. ಎಲ್ಲರೂ ತಿರುಗಿ ನೋಡಿದರು. ನನ್ನ ಹೆಂಡತಿ, "ಸಮಸ್ತ ನಾಗರಿಕರೇ, ಅಲ್ಲೇ ಇರಿ, ಬಂದೆ, ನಿಮ್ಮ ಹತ್ರ ಮಾತಾಡೋದಿದೆ" ಎಂದಳು. ಅಕ್ಕ ಕೊಟ್ಟ ಬದನೆಯನ್ನು ಎಷ್ಟು ವರ್ಷ ತಿಂದಿದ್ದೆ ಎಂದು ಆ ಗಳಿಗೆಯಲ್ಲಿ ನೆನಪಾಗಬೇಕೇ! ನೆಲ ಬಿರಿದು ನನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಅನ್ನಿಸಿತು.

ಅದೇನ್ಮಹಾ ನನ್ನ ಕಡೆ ನೋಡಲೇ ಇಲ್ಲ. ಜೇಬಿನಿಂದ ಪೆನ್ನು ತೆಗೆದು, ವಹಿ ಬಿಡಿಸಿ, ನಿರೀಕ್ಷಕರ ಹತ್ತಿರ ಹೋಗಿ ನಿಂತರು.

"ಸಾರ್, ಇನ್ನೊಂದ್ಸಲ ಓದ್ತೀರಾ? ಮೊದಲಿಂದ. ಸ್ವಲ್ಪ ನಿಧಾನವಾಗಿ."

ನಿರೀಕ್ಷಕರು ತಬ್ಬಿಬ್ಬಾದರು. ಆದರೂ ಓದಿದರು. ಅದೇನ್ಮಹಾ ಬರೆದುಕೊಂಡರು. "ಮುಚ್ಚಳ ಹಾಕದೆ ಒದ್ದೆ ಗೋಣಿಚೀಲವನ್ನಷ್ಟೇ ಹೊದಿಸಿ ದುರ್ವಾಸನೆ ಹರಡಲು ಬಿಡುತ್ತಾರೆ." ಬರೆದುಕೊಂಡರು. "ಬೆಳಿಗ್ಗೆ ಸಂಜೆ ಕೋಲಿನಿಂದ ಒಂದೇ ದಿಕ್ಕಿಗೆ ಕಲಕಿ ಸದರಿ ದುರ್ವಾಸನೆಯನ್ನು ಹೆಚ್ಚಿಸುತ್ತಾರೆ." ಅದನ್ನೂ ಬರೆದುಕೊಂಡರು. "ಡ್ರಮ್ಮನ್ನು ಎಂದೂ ತೊಳೆಯುವುದಿಲ್ಲ, ತಳದಲ್ಲಿ ಒಂದು ಚೊಂಬಿನಷ್ಟು ಗಸಿಯನ್ನು ಬೇಕೆಂದೇ ಉಳಿಸುತ್ತಾರೆ. ಒಣ ಎಲೆಗಳನ್ನು ಗೇಣು ದಪ್ಪಕ್ಕೆ ಹೊದಿಸಿ ನೆಲಕ್ಕೆ ಬಿಸಿಲು ಬೀಳದಂತೆ ಮಾಡಿ ಹುಳುಹುಪ್ಪಟೆಗಳಿಗೆ ಆಶ್ರಯ ನೀಡಿದ್ದಾರೆ." ಅವರ ಕೈ ಒಂದು ಕ್ಷಣ ತಡೆಯಿತು. ಫಳಫಳ ಹೊಳೆಯುತ್ತಿದ್ದ, ಈಗ ಬಾಯಿ ಹರಿದಿದ್ದ ಡ್ರಮ್ಮಿನ ಕಡೆ ನೋಡಿ, ಬರೆದುಕೊಂಡರು.

ಕೊನೆಯ ಸಾಲುಗಳು ನನಗೆ ಮರೆತೇ ಹೋಗಿದ್ದವು. ನಿರೀಕ್ಷಕರು ಮೊದಲ ಸಲ ಅಲ್ಲಿಯವರೆಗೆ ಹೋಗಿರಲಿಲ್ಲ.

"ಅಲ್ಲದೆ, ಸದರಿಯವರು ಪ್ರತಿ ಸಲ ಕಲಕುವಾಗಲೂ ಮನೆಯ ಕಡೆ ತಿರುಗಿ 'ರೀ, ಒಂದ್ಸಲ ಬಂದ್ ನೋಡಿ' ಎಂದು ಗಟ್ಟಿಯಾಗಿ ಕರೆಯುತ್ತಾರೆ. ಒಳಗಿನಿಂದ 'ಅದೇನ್ ಮಹಾ' ಎಂದು ಅಷ್ಟೇ ಗಟ್ಟಿಯಾಗಿ ಉತ್ತರ ಬರುತ್ತದೆ. ಯಾರೂ ಬರುವುದಿಲ್ಲ. ಈ ಗಲಾಟೆಯಿಂದ ನೆರೆಯವರ ಭಾನುವಾರದ ನಿದ್ದೆ ಕೆಡುತ್ತಿದೆ."

ನಿರೀಕ್ಷಕರ ದನಿ ಕೊನೆಕೊನೆಗೆ ಇಳಿದುಹೋಯಿತು. ಪೆನ್ನು ನಿಂತಿತ್ತು. ಅದೇನ್ಮಹಾ ಅಳಲಿಲ್ಲ, ಕೂರಲೂ ಇಲ್ಲ. ವಹಿಯನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಕಚೇರಿಯ ದನಿಯಲ್ಲಿ, "ಇದರ ಒಂದು ದೃಢೀಕರಿಸಿದ ನಕಲು ಸಿಗುತ್ತಾ ಸಾರ್? ಅರ್ಜಿ ಕೊಡ್ತೀನಿ" ಎಂದರು.

ನಿರೀಕ್ಷಕರು ಮೂಲಪ್ರತಿಯನ್ನೇ ಕಡತದಿಂದ ಬಿಚ್ಚಿ ಅವರ ಕೈಗೆ ಕೊಟ್ಟು ಹೋದರು. ಕೋಟಿನ ಮಾತು ಎತ್ತಲಿಲ್ಲ.

ಎಲ್ಲರೂ ಚದುರಿದ ಮೇಲೆ ನಾನು ಗೋಡೆ ದಾಟಿ ಹೋದೆ. "ತಪ್ಪಾಯ್ತು ಸಾರ್" ಎಂದೆ.

ಅವರು ಸೀಬೆಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಮುಟ್ಟಿ ನೋಡುತ್ತಿದ್ದರು. ತಲೆ ಎತ್ತದೆ, "ನೀವಾದ್ರೂ ನೋಡ್ತಿದ್ರಲ್ಲ ಟೈಲರ್ರೇ" ಎಂದರು.

ಹದಿನಾಲ್ಕು ಚೀಲ ಎಲೆ ಮತ್ತೆ ಸಿಗಲಿಲ್ಲ. ಬೀದಿಯವರೆಲ್ಲ ಗುಡಿಸಿ ತಂದದ್ದು ಆರು ಚೀಲವಾಯಿತು. ಬಾಯಿ ಹರಿದ ಡ್ರಮ್ಮಿಗೆ ನಾನೇ ಗೋಣಿಚೀಲ ಅಳತೆ ತೆಗೆದು ಹೊಲಿದುಕೊಟ್ಟೆ. ಬದನೆ ಉಳಿಯಲಿಲ್ಲ. ಬೀನ್ಸಿನ ಒಂದು ಸಾಲು ಮಾತ್ರ, ಗೋಡೆಯ ನೆರಳಿನದು, ತಲೆ ಎತ್ತಿತು.

ಇಪ್ಪತ್ತನೇ ದಿನ ಕೃಷಿ ಅಧಿಕಾರಿಗಳು ನಲವತ್ತು ರೈತರೊಂದಿಗೆ ಬಂದು, ಬಾಡಿದ ತೋಟ ನೋಡಿ, ಮುಖ ಸಪ್ಪಗೆ ಮಾಡಿದರು. ಅದೇನ್ಮಹಾ ಡ್ರಮ್ಮಿನ ಪಕ್ಕದಲ್ಲಿ ನಿಂತು ನನ್ನ ದೂರನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಅಕ್ಷರವನ್ನೂ ಬಿಡದೆ, ಓದಿದರು. 'ಅದೇನ್ ಮಹಾ' ಎಂಬುದನ್ನೂ ಓದಿದರು.

"ನೀವು ನೋಡಿದ ತೋಟ ನನ್ನ ಹೆಂಡತಿ ಮಾಡಿದ್ದು ಸಾರ್. ಅವಳು ಈಗಿಲ್ಲ. ನಾನು ಸುಳ್ಳು ಹೇಳಿದೆ. ಈಗ ನೋಡ್ತಿರೋದು ನಾನು ಮಾಡಿದ್ದು."

ಹಿಂದಿನ ಸಾಲಿನ ರೈತನೊಬ್ಬ, ಬರೆದುಕೊಳ್ಳುತ್ತಿದ್ದವನು, ಕೇಳಿದ: "ಆ ಒಂದು ಹಿಡಿ ಮಣ್ಣು ಅಂದ್ರೆ ಎಷ್ಟು ಗ್ರಾಂ ಯಜಮಾನ್ರೇ?"

ಮೂವತ್ತೊಂದು ವರ್ಷ ತೂಕದ ಕಚೇರಿಯಲ್ಲಿ ಇದ್ದವರು ತಮ್ಮ ಖಾಲಿ ಅಂಗೈ ನೋಡಿಕೊಂಡರು. "ಗೊತ್ತಿಲ್ಲಪ್ಪ" ಎಂದರು. "ಚಿಕ್ಕ ಕೈ ಅವಳದು."

ಈಗಲೂ ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಆರೂವರೆಗೆ ಸರಿಯಾಗಿ, ನೀಲಿ ಡ್ರಮ್ಮಿನಲ್ಲಿ ಕೋಲು ತಿರುಗುವ ಸದ್ದು ಕೇಳುತ್ತದೆ. ವಾಸನೆ ಮೊದಲಿನಂತೆಯೇ ಬಂದು ಕೋಟುಗಳಲ್ಲಿ ಕೂರುತ್ತದೆ. ಸ್ವಲ್ಪ ಹೊತ್ತಿಗೆ ಅದೇನ್ಮಹಾ ಗೋಡೆಯ ಕಡೆ ತಿರುಗಿ ಕೂಗುತ್ತಾರೆ:

"ಟೈಲರ್ರೇ, ಒಂದ್ಸಲ ಬಂದ್ ನೋಡಿ!"

ಅಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಕಂದು ನೀರು, ನಾಲ್ಕು ಗುಳ್ಳೆ. ನಾನು ಕತ್ತರಿ ಕೆಳಗಿಟ್ಟು ಹೋಗುತ್ತೇನೆ.